ಲುಸರ್ನ್‌ನಲ್ಲಿ ಒಂದು ದಿನ: ಬೆಟ್ಟ ಹತ್ತದೆ ಊರು ನೋಡುವ ಬಗೆ

ಸ್ವಿಟ್ಜರ್ಲೆಂಡ್ ಪ್ರವಾಸಕ್ಕೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಲುಸರ್ನ್ ನೋಡುವುದು ಬಸ್ಸಿನಿಂದ ಇಳಿದು ಮತ್ತೆ ಹತ್ತುವ ನಡುವಿನ ಒಂದೂವರೆ ಗಂಟೆಯಲ್ಲಿ. ಸಿಂಹದ ಶಿಲ್ಪದ ಮುಂದೆ ಒಂದು ಫೋಟೊ, ಮರದ ಸೇತುವೆಯ ಮೇಲೆ ಇನ್ನೊಂದು, ಉಳಿದ ಹೊತ್ತು ಗಡಿಯಾರದ ಅಂಗಡಿಯಲ್ಲಿ. ಬೆಳಿಗ್ಗೆ ಟಿಟ್ಲಿಸ್ ಹಿಮ ನೋಡಿ ದಣಿದು ಬಂದವರಿಗೆ ಊರು ನೋಡುವ ಉಮೇದಾದರೂ ಎಲ್ಲಿಂದ ಬರಬೇಕು?

ಸ್ವಂತ ಏರ್ಪಾಡಿನಲ್ಲಿ ಹೋಗುವವರಿಗೆ, ಅಥವಾ ಗುಂಪಿನಿಂದ ಒಂದು ದಿನದ ಬಿಡುವು ಸಿಕ್ಕವರಿಗೆ ನನ್ನ ಸಲಹೆ ಇಷ್ಟೇ: ಆ ದಿನ ಬೆಟ್ಟದ ಆಸೆ ಬಿಡಿ. ಪಿಲಾಟುಸ್, ರಿಗಿ, ಟಿಟ್ಲಿಸ್ ಒಂದೊಂದೂ ಒಂದೊಂದು ದಿನ ಕೇಳುತ್ತವೆ. ಊರಿಗೂ ಒಂದು ದಿನ ಕೊಡಿ. ಆಲ್ಪ್ಸ್ ಬೆಟ್ಟಸಾಲಿನ ಗೊಟ್ಹಾರ್ಡ್ ಕಣಿವೆಯ ಕಡೆಯಿಂದ ಇಳಿದು ಬಂದ ರೊಯ್ಸ್ ನದಿ ಸರೋವರವನ್ನು ಸೇರಿ, ಇನ್ನೊಂದು ತುದಿಯಲ್ಲಿ ಮತ್ತೆ ನದಿಯಾಗಿ ಹೊರಡುವ ಜಾಗದಲ್ಲಿ ಲುಸರ್ನ್ ಕೂತಿದೆ. ಕಣಿವೆ ದಾಟಿ ಇಟಲಿಗೆ ಹೋಗುವ ಸರಕು ಇಲ್ಲಿಂದ ದೋಣಿ ಏರುತ್ತಿತ್ತು. ಸೇತುವೆ, ಗಿರಣಿ, ಸಂತೆ, ಕೋಟೆಗೋಡೆ ಎಲ್ಲವೂ ಆ ನೀರಿನಿಂದಲೇ ಹುಟ್ಟಿದವು. ನೀರಿನ ಜಾಡು ಹಿಡಿದು ನಡೆದರೆ ಊರು ತಾನಾಗಿ ಬಿಡಿಸಿಕೊಳ್ಳುತ್ತದೆ. ಕೆಳಗಿನ ದಾರಿಯಲ್ಲಿ ನಡಿಗೆ ಒಟ್ಟು ನಾಲ್ಕೈದು ಕಿಲೋಮೀಟರ್ ಆದೀತು.

ಹೊರಡುವ ಮೊದಲು

ಜ್ಯೂರಿಕ್‌ನಿಂದ ಲುಸರ್ನ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು. ಹಗಲಿನಲ್ಲಿ ಗಂಟೆಗೆ ಎರಡು ನೇರ ರೈಲುಗಳಿವೆ. ಜರ್ಮನ್ ಮಾತಾಡುವ ಊರಾದ್ದರಿಂದ ಧ್ವನಿವರ್ಧಕದಲ್ಲಿ ‘ಲುತ್ಸೆರ್ನ್’ ಎಂದು ಕೇಳಿಸುತ್ತದೆ, ಗಾಬರಿ ಬೇಡ.

ಟಿಕೆಟ್ ವಿಚಾರದಲ್ಲಿ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಿ. ವಿದೇಶಿಯರಿಗೆ ಸಿಗುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಊರಿನ ಬಸ್ಸು, ಸರೋವರದ ದೋಣಿ ಮತ್ತು ಬಹುಪಾಲು ಮ್ಯೂಸಿಯಂಗಳು ಅದರಲ್ಲೇ ಸೇರಿಹೋಗುತ್ತವೆ. ದಿನವೂ ಊರೂರು ತಿರುಗುವವರಿಗೆ ಅದು ಸರಿ. ಒಂದೆರಡು ಕಡೆ ಮಾತ್ರ ಹೋಗುವವರಿಗೆ ಹಾಫ್ ಫೇರ್ ಕಾರ್ಡ್ ಹೆಚ್ಚು ಅಗ್ಗವಾಗಬಹುದು; ಅದರಲ್ಲಿ ಟಿಕೆಟ್ಟಿನ ಬೆಲೆ ಸಾಮಾನ್ಯವಾಗಿ ಅರ್ಧವಾಗುತ್ತದೆ. ಲುಸರ್ನ್‌ನಲ್ಲೇ ರಾತ್ರಿ ತಂಗುವವರು ಹೋಟೆಲಿನವರಿಂದ ಅತಿಥಿ ಕಾರ್ಡ್ ಕೇಳಿ ಪಡೆಯಬೇಕು. ಊರೊಳಗಿನ ಬಸ್ಸುಗಳಲ್ಲಿ ಅದನ್ನು ತೋರಿಸಿದರೆ ಸಾಕು. ಕೇಳದಿದ್ದರೆ ಕೊಡಲು ಮರೆಯುವ ಸ್ವಾಗತಕಾರರೂ ಇದ್ದಾರೆ.

ಇಲ್ಲಿನ ಹಣ ಫ್ರಾಂಕ್. ಯೂರೋ ಕೊಟ್ಟರೆ ಕೆಲವರು ತೆಗೆದುಕೊಳ್ಳುತ್ತಾರೆ, ಆದರೆ ಚಿಲ್ಲರೆ ಫ್ರಾಂಕಿನಲ್ಲೇ ಬರುತ್ತದೆ, ದರವೂ ಅವರದೇ. ಕಾರ್ಡ್ ಎಲ್ಲ ಕಡೆಯೂ ನಡೆಯುತ್ತದೆ. ಮೊಬೈಲ್ ಚಾರ್ಜರಿನ ತೆಳುವಾದ ಎರಡು ಕಡ್ಡಿಯ ಪ್ಲಗ್ ಇಲ್ಲಿನ ಸಾಕೆಟ್ಟಿಗೆ ಹೊಂದುತ್ತದೆ. ನಮ್ಮ ದಪ್ಪ ಮೂರು ಕಡ್ಡಿಯದು ಹೊಂದುವುದಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಂಗಳವಾರ ಅಥವಾ ಶನಿವಾರ ಹೋಗಿ. ಕಾರಣ ಮುಂದೆ ಗೊತ್ತಾಗುತ್ತದೆ.

ದೊಡ್ಡ ಪೆಟ್ಟಿಗೆ ಇದ್ದರೆ ನಿಲ್ದಾಣದ ಲಾಕರಿನಲ್ಲಿಡಿ. ಹಳೆಯ ಊರಿನ ಕಲ್ಲುಹಾಸಿನ ಮೇಲೆ ಗಾಲಿಪೆಟ್ಟಿಗೆ ಎಳೆಯುವ ಸಾಹಸ ಬೇಡ.

ಎಂಟು ಗಂಟೆಗೆ ಸೇತುವೆಯ ಮೇಲೆ

ನಿಲ್ದಾಣದಿಂದ ಹೊರಬಂದ ಕೂಡಲೇ ಎದುರಿಗೆ ಒಂಟಿಯಾಗಿ ನಿಂತ ಕಲ್ಲಿನ ಕಮಾನು ಕಾಣುತ್ತದೆ. ಹಿಂದೆ ಕಟ್ಟಡವಿಲ್ಲದ ಬಾಗಿಲು ಇದೇಕೆ ಎಂದು ಅನಿಸಬಹುದು. ಅದು ಹಳೆಯ ನಿಲ್ದಾಣದ ಹೆಬ್ಬಾಗಿಲು. 1971ರ ಬೆಂಕಿಯಲ್ಲಿ ನಿಲ್ದಾಣ ಸುಟ್ಟುಹೋಯಿತು, ಬಾಗಿಲನ್ನು ಉಳಿಸಿಕೊಂಡರು. ಬಲಗಡೆ ಸರೋವರದ ಮೇಲೆ ಚಾಚಿದಂತೆ ಕಾಣುವ ಅಗಲವಾದ ಚಾವಣಿ ಕೆಕೆಎಲ್ ಸಂಗೀತ ಭವನದ್ದು. ಫ್ರೆಂಚ್ ವಾಸ್ತುಶಿಲ್ಪಿ ಜಾನ್ ನುವೆಲ್ ಅವರ ಕೆಲಸ. ಕಟ್ಟಡವನ್ನು ಹಡಗಿನಂತೆ ಸರೋವರದೊಳಕ್ಕೆ ನುಗ್ಗಿಸಬೇಕೆಂಬುದು ಅವರ ಮೊದಲ ಯೋಚನೆಯಾಗಿತ್ತು. ಊರು ಒಪ್ಪಲಿಲ್ಲ. ಹಾಗಾಗಿ ನೀರನ್ನೇ ಕಾಲುವೆ ಮಾಡಿ ಕಟ್ಟಡದೊಳಕ್ಕೆ ಕರೆದುಕೊಂಡರು. ಇದನ್ನು ಸಂಜೆಗೆ ಇಟ್ಟುಕೊಳ್ಳಿ. ಈಗ ಎಡಕ್ಕೆ ತಿರುಗಿ ನದಿಯ ದಡ ಹಿಡಿದು ಮರದ ಸೇತುವೆಯತ್ತ ನಡೆಯಿರಿ.

ಹತ್ತು ಗಂಟೆ ದಾಟಿತೆಂದರೆ ಪ್ರವಾಸಿ ಬಸ್ಸುಗಳು ಬರತೊಡಗುತ್ತವೆ, ಸೇತುವೆಯ ಮೇಲೆ ನಿಲ್ಲಲು ಜಾಗವಿರುವುದಿಲ್ಲ. ಎಂಟಕ್ಕೆ ಕೆಲಸಕ್ಕೆ ಹೋಗುವ ಊರಿನವರು ಮಾತ್ರ ಇರುತ್ತಾರೆ. ಕಪೆಲ್‌ಬ್ರುಕೆ, ಅಂದರೆ ಚಾಪೆಲ್ ಸೇತುವೆಯನ್ನು 14ನೇ ಶತಮಾನದಲ್ಲಿ ಕಟ್ಟಿದ್ದು ದಾಟಲಿಕ್ಕಷ್ಟೇ ಅಲ್ಲ, ಸರೋವರದ ಕಡೆಯಿಂದ ಬರುವ ಶತ್ರುವನ್ನು ತಡೆಯಲಿಕ್ಕೆ. ಅದು ನದಿಗೆ ನೇರವಾಗಿರದೆ ಓರೆಯಾಗಿ, ನಡುವೆ ಬಾಗಿ ಹೋಗುವುದನ್ನು ಗಮನಿಸಿ. ಸರೋವರದ ಕಡೆಯ ಮರದ ತಡೆ ಎತ್ತರವಾಗಿದೆ, ಊರಿನ ಕಡೆಯದು ಗಿಡ್ಡ. ಪಕ್ಕದ ಎಂಟು ಮೂಲೆಯ ನೀರಿನ ಗೋಪುರ ಸೇತುವೆಗಿಂತ ಹಳೆಯದು; ಎತ್ತರ 34 ಮೀಟರ್‌ಗೂ ಹೆಚ್ಚು. ಖಜಾನೆ, ದಾಖಲೆಕೋಣೆ, ಸೆರೆಮನೆ, ಚಿತ್ರಹಿಂಸೆಯ ಕೋಣೆ ಎಲ್ಲವೂ ಆಗಿದ್ದ ಗೋಪುರ ಅದು. ಒಳಗೆ ಪ್ರವೇಶವಿಲ್ಲ.

ತಲೆ ಎತ್ತಿ ನಡೆಯಿರಿ. ಚಾವಣಿಯ ತ್ರಿಕೋನಗಳಲ್ಲಿ 17ನೇ ಶತಮಾನದ ಚಿತ್ರಫಲಕಗಳಿವೆ. ಊರಿನ ಚರಿತ್ರೆ, ಸಂತರ ಕಥೆಗಳು. 1993ರ ಆಗಸ್ಟ್ 18ರ ನಸುಕಿನಲ್ಲಿ ಸೇತುವೆಗೆ ಬೆಂಕಿ ಬಿದ್ದು ಬಹುಪಾಲು ಚಿತ್ರಗಳು ಸುಟ್ಟುಹೋದವು. ಎಸೆದ ಸಿಗರೇಟಿನ ತುಂಡು ಕಾರಣವಿರಬೇಕೆಂಬುದು ಊಹೆ. ಎಂಟು ತಿಂಗಳೊಳಗೆ, 1994ರ ಏಪ್ರಿಲ್‌ನಲ್ಲಿ, ಸೇತುವೆ ಮತ್ತೆ ತೆರೆಯಿತು. ತುದಿಗಳಲ್ಲಿ ಹಳೆಯ ಕಪ್ಪು ಮರ, ನಡುವೆ ಹೊಸ ಮರ, ಅಲ್ಲಲ್ಲಿ ಚಿತ್ರವಿಲ್ಲದ ಖಾಲಿ ತ್ರಿಕೋನಗಳು. ‘ಯುರೋಪಿನ ಅತಿ ಹಳೆಯ ಮರದ ಸೇತುವೆ’ ಎಂದು ಮಾರ್ಗದರ್ಶಕರು ಹೇಳುವಾಗ ಇದನ್ನೂ ನೆನಪಿಟ್ಟುಕೊಂಡು ಕೇಳಬೇಕು. ನನಗೇನೋ ಆ ಖಾಲಿ ಜಾಗಗಳೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತವೆ. ಹೊಸದಾಗಿ ಚಿತ್ರ ಬರೆಸಿ ಹಳೆಯದೆಂದು ತೋರಿಸುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ.

ಸಂತೆ, ಚೌಕಗಳು, ಸೂಜಿ ಅಣೆಕಟ್ಟು

ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಪುರಭವನದ ಕೆಳಗಿನ ದಡ. ಮಂಗಳವಾರ, ಶನಿವಾರ ಬೆಳಿಗ್ಗೆ ಇಲ್ಲಿ ಸಂತೆ ಸೇರುತ್ತದೆ; ಸುತ್ತಲಿನ ರೈತರ ತರಕಾರಿ, ಹಣ್ಣು, ಚೀಸ್, ಬ್ರೆಡ್, ಹೂವು ನದಿಯ ಎರಡೂ ದಡಗಳಲ್ಲಿ. ಬೇಸಿಗೆಯಲ್ಲಿ ಚೆರ್ರಿ, ಏಪ್ರಿಕಾಟ್ ಕೊಂಡುಕೊಂಡರೆ ಮಧ್ಯಾಹ್ನದವರೆಗೆ ಚಿಂತೆಯಿಲ್ಲ. ಪುರಭವನವನ್ನು 1602ರಿಂದ 1606ರವರೆಗೆ ಕಟ್ಟಿದರು. ಗೋಡೆಯೆಲ್ಲ ಇಟಲಿಯ ಶೈಲಿ, ಮೇಲಿನ ಮಾಡು ಮಾತ್ರ ಸ್ವಿಸ್ ತೋಟದ ಮನೆಯದು. ಇಲ್ಲಿ ಮಳೆ, ಹಿಮ ಎರಡೂ ಜೋರು.

ಹಿಂದಿನ ಗಲ್ಲಿಗಳಲ್ಲಿ ಕೋರ್ನ್‌ಮಾರ್ಕ್ಟ್, ವೈನ್‌ಮಾರ್ಕ್ಟ್, ಹಿರ್ಶನ್‌ಪ್ಲಾಟ್ಸ್ ಎಂಬ ಚೌಕಗಳು ಒಂದಕ್ಕೊಂದು ಅಂಟಿಕೊಂಡಿವೆ. ಮನೆಗಳ ಮುಂಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳು. ಚೌಕದ ಕಾರಂಜಿಗಳ ನೀರು ಕುಡಿಯಲು ಯೋಗ್ಯ. ಕುಡಿಯಬಾರದ ಕಡೆ ಫಲಕ ಹಾಕಿರುತ್ತಾರೆ. ಬಾಟಲಿ ತುಂಬಿಸಿಕೊಳ್ಳಿ, ಅಂಗಡಿಯ ನೀರಿಗೆ ಹಣ ಸುರಿಯಬೇಡಿ.

ಇಲ್ಲಿಂದ ನದಿಯತ್ತ ಇಳಿದು ಮ್ಯೂಲೆನ್‌ಪ್ಲಾಟ್ಸ್‌ಗೆ ಬಂದರೆ ಈ ಊರಿನ ನಿಜವಾದ ಯಂತ್ರ ಕಾಣುತ್ತದೆ. ಬಸ್ಸಿನ ಗುಂಪುಗಳು ಇಲ್ಲಿಗೆ ಬರುವುದೇ ಅಪರೂಪ. ನದಿಗೆ ಅಡ್ಡಲಾಗಿ ಮರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ಒಂದು ಅಣೆಕಟ್ಟು. ಒಂದೊಂದು ಕಂಬವನ್ನೂ ‘ಸೂಜಿ’ ಎನ್ನುತ್ತಾರೆ. 19ನೇ ಶತಮಾನದ ಈ ವ್ಯವಸ್ಥೆಯಲ್ಲಿ ಸೂಜಿಗಳನ್ನು ಕೆಲಸಗಾರರು ಕೈಯಿಂದಲೇ ತೆಗೆಯುತ್ತಾರೆ, ಕೈಯಿಂದಲೇ ಇಳಿಸುತ್ತಾರೆ. ಹಿಮ ಕರಗಿ ನೀರು ಏರಿದಾಗ ಒಂದಷ್ಟು ತೆಗೆದು ಹರಿವಿಗೆ ದಾರಿ ಬಿಡುವುದು, ಇಳಿದಾಗ ಮತ್ತೆ ಹಾಕುವುದು. 114 ಚದರ ಕಿಲೋಮೀಟರ್ ಹರವಿನ ಸರೋವರದ ನೀರಿನ ಮಟ್ಟ ಇಲ್ಲಿ ನಿರ್ಧಾರವಾಗುತ್ತದೆ. 2005ರ ಆಗಸ್ಟ್‌ನ ಪ್ರವಾಹದ ನಂತರ ಇದನ್ನು ವಿಸ್ತರಿಸಿ ದುರಸ್ತಿ ಮಾಡಿದರೂ ಸೂಜಿಗಳನ್ನು ಬಿಡಲಿಲ್ಲ. ಕೃಷ್ಣರಾಜಸಾಗರದ ಗೇಟು ತೆರೆದ ಸುದ್ದಿಗೆ ಹೊರಟು ನಿಲ್ಲುವ ಜನ ನಾವು. ಈ ಪುಟ್ಟ ಅಣೆಕಟ್ಟಿನ ಮುಂದೆ ಹತ್ತು ನಿಮಿಷ ನಿಲ್ಲುವುದು ಕಷ್ಟವಾಗಲಾರದು.

ಪಕ್ಕದಲ್ಲೇ ಎರಡನೆಯ ಮರದ ಸೇತುವೆ, ಶ್ಪ್ರೊಯರ್ ಸೇತುವೆ. 1408ರದು. ಗಿರಣಿಗಳ ಹೊಟ್ಟನ್ನು ನದಿಗೆ ಸುರಿಯಲು ಅನುಮತಿ ಇದ್ದದ್ದು ಇಲ್ಲಿಂದ ಮಾತ್ರ. ಊರಿನ ಆಗಿನ ಎಲ್ಲ ಸೇತುವೆಗಳಿಗಿಂತ ಇದು ನದಿಯ ಹರಿವಿನಲ್ಲಿ ಕೆಳಗಿದ್ದುದರಿಂದ ಹೊಟ್ಟು ಊರಿನತ್ತ ತೇಲಿ ಬರುತ್ತಿರಲಿಲ್ಲ. ಚಾವಣಿಯಲ್ಲಿ ಕಾಸ್ಪರ್ ಮೆಗ್ಲಿಂಗರ್ 17ನೇ ಶತಮಾನದ ಮೊದಲರ್ಧದಲ್ಲಿ ಬರೆದ ‘ಸಾವಿನ ಕುಣಿತ’ದ ಚಿತ್ರಗಳಿವೆ. ಅಸ್ಥಿಪಂಜರ ಒಂದೊಂದು ಫಲಕದಲ್ಲೂ ಒಬ್ಬೊಬ್ಬರ ಕೈ ಹಿಡಿಯುತ್ತದೆ: ಪೋಪ್, ರಾಜ, ವ್ಯಾಪಾರಿ, ಮದುಮಗಳು, ವೈದ್ಯ. ಯಾರಿಗೂ ರಿಯಾಯಿತಿ ಇಲ್ಲ. ಎರಡು ಸೇತುವೆಗಳಲ್ಲಿ ಒಂದನ್ನೇ ನಿಧಾನವಾಗಿ ನೋಡುವಷ್ಟು ಹೊತ್ತಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಚಿತ್ರಗಳು ಹೆಚ್ಚು ಉಳಿದಿವೆ, ಜನವೂ ಕಡಿಮೆ.

ಗೋಡೆ ಹತ್ತುವುದು

ಅದೇ ದಡಕ್ಕೆ ಮರಳಿ, ನದಿಯ ಹರಿವಿನ ದಿಕ್ಕಿನಲ್ಲಿ ಸ್ವಲ್ಪ ನಡೆದು ಬಲಕ್ಕೆ ಏರಿದರೆ ಮುಸೆಗ್ ಕೋಟೆಗೋಡೆ. ಸುಮಾರು 870 ಮೀಟರ್ ಉದ್ದ, ಒಂಬತ್ತು ಗೋಪುರಗಳು. ಎಲ್ಲದಕ್ಕೂ ಏರಲು ಬಿಡುವುದಿಲ್ಲ. ಮೆನ್ಲಿ, ವಾಖ್ಟ್, ತ್ಸಿಟ್, ಶಿರ್ಮರ್ ಎಂಬ ನಾಲ್ಕಕ್ಕೆ ಪ್ರವೇಶವಿದೆ, ಹಣ ಕೊಡಬೇಕಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಚ್ಚಿರುತ್ತದೆ.

ಮೊದಲು ಮೆನ್ಲಿ ಗೋಪುರ ಏರಿ. ಮೇಲೆ ಬಯಲು ಮಾಳಿಗೆ. ಊರು, ಸರೋವರ, ಎಡಕ್ಕೆ ರಿಗಿ, ಬಲಕ್ಕೆ ಪಿಲಾಟುಸ್. ಮರದ ಮೆಟ್ಟಿಲುಗಳು ಕಡಿದಾಗಿವೆ. ಮಂಡಿನೋವಿನವರು ಕೆಳಗಿನ ಹುಲ್ಲುಗಾವಲಿನ ಬೆಂಚಿನಲ್ಲಿ ಕೂತಿದ್ದರೂ ನಷ್ಟವಿಲ್ಲ. ಗೋಡೆಯ ಹಿಂಭಾಗದಲ್ಲಿ ಒಂದು ತೋಟವಿದೆ, ಉದ್ದ ಕೂದಲಿನ ಸ್ಕಾಟ್‌ಲೆಂಡ್ ದನಗಳು ಅಲ್ಲಿ ಮೇಯುತ್ತಿರುತ್ತವೆ. ಮೆನ್ಲಿ ಇಳಿದು ಮುಂದೆ ನಡೆದು, ವಾಖ್ಟ್ ಗೋಪುರದಲ್ಲಿ ಮತ್ತೆ ಏರಿ, ಅಲ್ಲಿಂದ ಗೋಡೆಯ ಮೇಲೆಯೇ ಸಾಗಬಹುದು.

ನಡುವೆ ಸಿಗುವ ತ್ಸಿಟ್ ಗೋಪುರದ ಗಡಿಯಾರ 1535ರದು, ಊರಿನಲ್ಲೇ ಹಳೆಯದು. ಆ ಹಿರಿತನಕ್ಕೆ ಮರ್ಯಾದೆಯಾಗಿ ಬೇರೆಲ್ಲ ಗಡಿಯಾರಗಳಿಗಿಂತ ಒಂದು ನಿಮಿಷ ಮೊದಲು ಗಂಟೆ ಬಾರಿಸುವ ಹಕ್ಕನ್ನು ಅದಕ್ಕೆ ಕೊಟ್ಟಿದ್ದಾರೆ. ಸಮಯಪಾಲನೆಗೆ ಹೆಸರಾದ ದೇಶ ಹಿರಿಯರಿಗೆಂದು ಒಂದು ನಿಮಿಷ ಬಿಟ್ಟುಕೊಟ್ಟ ಜಾಗ ಇದು. ಗಂಟೆ ತುಂಬುವುದಕ್ಕೆ ಐದು ನಿಮಿಷ ಮೊದಲೇ ಒಳಗಿದ್ದರೆ ಹಳೆಯ ಯಂತ್ರ ಹಲ್ಲುಚಕ್ರ ತಿರುಗಿಸಿ ಸುತ್ತಿಗೆ ಎತ್ತುವುದನ್ನು ಹತ್ತಿರದಿಂದ ನೋಡಬಹುದು. ಕಿವಿ ಮುಚ್ಚಿಕೊಳ್ಳುವುದು ಒಳ್ಳೆಯದು.

ಸಿಂಹ, ಮತ್ತು ಅದರ ಪಕ್ಕದ ಕಲ್ಲು

ಶಿರ್ಮರ್ ಗೋಪುರದಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಹತ್ತು ಹದಿನೈದು ನಿಮಿಷದಲ್ಲಿ ಲೋವೆನ್‌ಪ್ಲಾಟ್ಸ್. ಸಿಂಹದ ಸ್ಮಾರಕ ಅಲ್ಲಿಂದ ಎರಡು ಹೆಜ್ಜೆ. ಇಷ್ಟು ಹೊತ್ತಿಗೆ ಗುಂಪು ಇದ್ದೇ ಇರುತ್ತದೆ, ಆದರೆ ಗುಂಪುಗಳು ಇಲ್ಲಿ ಹತ್ತು ನಿಮಿಷಕ್ಕಿಂತ ನಿಲ್ಲುವುದಿಲ್ಲ. ಬೆಂಚಿನಲ್ಲಿ ಕೂತು ಕಾಯಿರಿ, ಎರಡು ಗುಂಪುಗಳ ನಡುವೆ ಕೊಳದ ಮುಂದೆ ನೀವೊಬ್ಬರೇ ಇರುವ ಗಳಿಗೆ ಸಿಗುತ್ತದೆ.

1792ರ ಆಗಸ್ಟ್ 10ರಂದು ಪ್ಯಾರಿಸ್‌ನ ಟ್ವಿಲೆರಿ ಅರಮನೆಯಲ್ಲಿ ಫ್ರೆಂಚ್ ರಾಜನ ಕಾವಲಿಗಿದ್ದ ಸ್ವಿಸ್ ಸೈನಿಕರು ಸತ್ತರು. ಕೂಲಿಗಾಗಿ ಪರದೇಶದ ರಾಜರ ಯುದ್ಧ ಮಾಡುವುದು ಆಗ ಈ ಬಡ ಕಣಿವೆಗಳ ದೊಡ್ಡ ಜೀವನೋಪಾಯವಾಗಿತ್ತು. ಅದೇ ಪಡೆಯ ಅಧಿಕಾರಿ ಕಾರ್ಲ್ ಫಿಫರ್ ಆ ದಿನ ರಜೆಯ ಮೇಲೆ ಲುಸರ್ನ್‌ನಲ್ಲಿದ್ದುದರಿಂದ ಬದುಕಿಕೊಂಡ. ಈ ಸ್ಮಾರಕ ಮಾಡಿಸಿದವನು ಅವನೇ. ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸನ್ ರೂಪಿಸಿದ್ದನ್ನು ಲೂಕಾಸ್ ಆಹೋರ್ನ್ 1820-21ರಲ್ಲಿ ಹಳೆಯ ಕಲ್ಲುಗಣಿಯ ಗೋಡೆಯಲ್ಲೇ ಕೆತ್ತಿದ. ಸಿಂಹದ ಉದ್ದ ಸುಮಾರು ಹತ್ತು ಮೀಟರ್. ಮುರಿದ ಈಟಿ ಪಕ್ಕೆಯಲ್ಲಿ ನಾಟಿದೆ, ಪಂಜದ ಕೆಳಗೆ ಫ್ರೆಂಚ್ ರಾಜವಂಶದ ಗುರಾಣಿ. ಕೆಳಗೆ ರೋಮನ್ ಅಂಕಿಗಳಲ್ಲಿ ಸತ್ತವರು 760, ಉಳಿದವರು 350 ಎಂದಿದೆ. ಸಿಂಹದ ಸುತ್ತಲಿನ ಗೂಡಿನ ಹೊರರೇಖೆಯನ್ನೂ ನೋಡಿ: ಮೂತಿ, ಕಿವಿ, ಬೆನ್ನು ಸೇರಿ ಹಂದಿಯಂತೆ ಕಾಣುತ್ತದೆ. ಕೂಲಿ ಸರಿಯಾಗಿ ಸಿಗದ ಶಿಲ್ಪಿ ಸಿಟ್ಟಿನಿಂದ ಹಾಗೆ ಮಾಡಿದನೆಂಬ ಕಥೆಯನ್ನು ಮಾರ್ಗದರ್ಶಕರು ಹೇಳುತ್ತಾರೆ. ನಂಬಬೇಕೆಂದಿಲ್ಲ, ಆದರೆ ಒಮ್ಮೆ ಹಂದಿ ಕಂಡ ಮೇಲೆ ಅದನ್ನು ಕಾಣದಿರಲು ಆಗುವುದಿಲ್ಲ.

ಪಕ್ಕದ ಹಿಮನದಿ ಉದ್ಯಾನಕ್ಕೆ ಟಿಕೆಟ್ ಇದೆ. 1872ರಲ್ಲಿ ಒಬ್ಬರು ವೈನ್ ನೆಲಮಾಳಿಗೆಗೆಂದು ಅಗೆಯುವಾಗ ಬಂಡೆಯಲ್ಲಿ ದೊಡ್ಡ ದೊಡ್ಡ ಗುಂಡಿಗಳು ಸಿಕ್ಕವು. ಹಿಮಯುಗದಲ್ಲಿ ಹಿಮನದಿಯ ಅಡಿಯಲ್ಲಿ ಸುಳಿದ ನೀರು ಕೊರೆದ ಗುಂಡಿಗಳು ಅವು. ಅತಿ ದೊಡ್ಡದರ ಆಳ ಒಂಬತ್ತು ಮೀಟರಿಗೂ ಹೆಚ್ಚು. ಅದೇ ಬಂಡೆಯಲ್ಲಿ ತಾಳೆಗರಿಯ ಪಳೆಯುಳಿಕೆಯೂ ಇದೆ: ಈ ಹಿಮದ ನಾಡು ಒಂದು ಕಾಲಕ್ಕೆ ಬೆಚ್ಚನೆಯ ಕಡಲತೀರವಾಗಿತ್ತು. ಮಕ್ಕಳಿದ್ದರೆ ಒಳಗಿನ ಕನ್ನಡಿಗಳ ಚಕ್ರವ್ಯೂಹಕ್ಕಾದರೂ ಹೋಗಬೇಕು.

ಊಟ

ಲುಸರ್ನ್‌ನ ಹೋಟೆಲ್ ಊಟ ದುಬಾರಿ, ಅದರಲ್ಲಿ ಮುಚ್ಚಿಡುವುದೇನಿಲ್ಲ. ಮಧ್ಯಾಹ್ನಕ್ಕೆ ಮಿಗ್ರೋಸ್ ಅಥವಾ ಕೋಪ್ ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್, ಸಲಾಡ್, ಮೊಸರು, ಹಣ್ಣು ಕೊಂಡು ಸರೋವರದ ದಡದ ಬೆಂಚಿನಲ್ಲಿ ಕೂರುವುದು ಊರಿನವರೂ ಮಾಡುವ ಕೆಲಸ. ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಹಂಸಗಳಿಗೆ ಮಾತ್ರ ಹಾಕಬೇಡಿ.

ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಆಲೂಗಡ್ಡೆ ತುರಿದು ಹುರಿಯುವ ರೋಸ್ಟಿಯಲ್ಲೂ, ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ ಸೇರಿಸಿ ಸೇಬಿನ ಗೊಜ್ಜಿನ ಜೊತೆ ಬಡಿಸುವ ‘ಎಲ್ಪ್ಲರ್‌ಮಾಗ್ರೋನೆನ್’ ಎಂಬ ದನಗಾಹಿಗಳ ಊಟದಲ್ಲೂ ಹಂದಿಮಾಂಸದ ಚೂರು ಹಾಕುವುದುಂಟು. ‘ಓನೆ ಶ್ಪೆಕ್’ ಎಂದು ಹೇಳಿದರೆ ಅದಿಲ್ಲದೆ ತರುತ್ತಾರೆ. ಎರಡನೆಯದು, ಗ್ರೂಯೇರ್‌ನಂತಹ ಸಾಂಪ್ರದಾಯಿಕ ಚೀಸ್ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಕಟ್ಟುನಿಟ್ಟಿನವರು ಬಿಡುವುದೇ ಸರಿ. ಮಾಂಸ ತಿನ್ನುವವರು ಈ ಊರಿನದೇ ಆದ ‘ಖ್ಯೂಗೆಲಿಪಾಸ್ಟೇಟೆ’ಯನ್ನು ರುಚಿ ನೋಡಬಹುದು; ಪದರು ಪದರಾದ ಹಿಟ್ಟಿನ ದೊಡ್ಡ ಕರಡಿಗೆಯಲ್ಲಿ ಬಿಳಿ ಗೊಜ್ಜು, ಮಾಂಸದ ಉಂಡೆ.

ಮಧ್ಯಾಹ್ನ ದೋಣಿ

ದೋಣಿ ಹತ್ತುವ ಕಟ್ಟೆಗಳು ರೈಲು ನಿಲ್ದಾಣದ ಎದುರಿಗೇ ಇವೆ. ಸುತ್ತು ಹಾಕಿ ಮರಳುವ ಒಂದು ಗಂಟೆಯ ಪ್ರವಾಸಿ ದೋಣಿಗಳನ್ನು ಬಿಟ್ಟು, ಊರಿಂದೂರಿಗೆ ಹೋಗುವ ಸಾಮಾನ್ಯ ದೋಣಿ ಹಿಡಿಯಿರಿ. ವೆಗ್ಗಿಸ್‌ವರೆಗೆ ಸುಮಾರು ಮುಕ್ಕಾಲು ಗಂಟೆ. ಅಲ್ಲಿ ಇಳಿದು ದಡದಲ್ಲಿ ನಡೆದು, ಕಾಫಿ ಕುಡಿದು, ಮುಂದಿನ ದೋಣಿಯಲ್ಲಿ ವಾಪಸ್. ಇಳಿದ ಕೂಡಲೇ ಮರಳುವ ದೋಣಿಗಳ ವೇಳೆ ನೋಡಿಟ್ಟುಕೊಳ್ಳಿ; ಸಂಜೆಯಾದಂತೆ ಅವು ವಿರಳವಾಗುತ್ತವೆ.

ವೇಳಾಪಟ್ಟಿಯಲ್ಲಿ ಹಬೆದೋಣಿಯ ಗುರುತಿರುವ ಸಮಯ ಆರಿಸಿಕೊಂಡರೆ ಇನ್ನೂ ಚೆನ್ನ. 1901ರ ‘ಊರಿ’ಯಿಂದ 1928ರ ‘ಶ್ಟಾಟ್ ಲುತ್ಸೆರ್ನ್’ವರೆಗೆ ಐದು ಹಳೆಯ ಚಕ್ರದೋಣಿಗಳು ಇಂದಿಗೂ ಓಡುತ್ತವೆ. ಕೆಳ ಅಂತಸ್ತಿನ ನಡುವೆ ತೆರೆದ ಜಾಗದಿಂದ ಎಂಜಿನ್ ಕೋಣೆಗೆ ಇಣುಕಬಹುದು. ಎಣ್ಣೆ ಸವರಿದ ಉಕ್ಕಿನ ತೋಳುಗಳು ಹಿಂದೆ ಮುಂದೆ ಆಡುವುದನ್ನು ನೋಡುತ್ತ ದಡಗಳನ್ನೇ ಮರೆತು ನಿಂತವರನ್ನು ಕಂಡಿದ್ದೇನೆ. ಒಂದು ವಿಷಯ: ಮೇಲಿನ ಅಂತಸ್ತು ಮೊದಲ ದರ್ಜೆಯವರಿಗೆ ಮಾತ್ರ. ಎರಡನೆಯ ದರ್ಜೆಯ ಪಾಸ್ ಹಿಡಿದು ಮೇಲೆ ಕೂತರೆ ತಪಾಸಣೆಯವರು ಹೆಚ್ಚಿನ ಹಣ ಕೇಳುತ್ತಾರೆ, ಅಥವಾ ಕೆಳಗೆ ಕಳಿಸುತ್ತಾರೆ. ಕೆಳಗೆ ಮುಂಭಾಗದ ಬಯಲು ಬೆಂಚುಗಳೂ ಚೆನ್ನಾಗಿಯೇ ಇವೆ. ಬೇಸಿಗೆಯಲ್ಲೂ ಗಾಳಿ ಚಳಿ ಹಿಡಿಸುತ್ತದೆ, ಸ್ವೆಟರ್ ಕೈಯಲ್ಲಿರಲಿ.

ದೋಣಿಯಿಂದ ಪಿಲಾಟುಸ್ ಪೂರ್ತಿ ಕಾಣುತ್ತದೆ. ಯೇಸುವಿಗೆ ಶಿಕ್ಷೆ ವಿಧಿಸಿದ ಪೊಂಟಿಯಸ್ ಪಿಲಾತನ ಹೆಣವನ್ನು ಆ ಬೆಟ್ಟದ ಕೊಳದಲ್ಲಿ ಎಸೆದರು, ಕೆಣಕಿದರೆ ಬಿರುಗಾಳಿ ಎಬ್ಬಿಸುತ್ತಾನೆ ಎಂದು ಹಿಂದಿನವರು ನಂಬಿದ್ದರು. ನಗರಾಡಳಿತ ಬೆಟ್ಟ ಹತ್ತುವುದನ್ನೇ ನಿಷೇಧಿಸಿತ್ತು. 1387ರಲ್ಲಿ ಹತ್ತಲು ಹೊರಟ ಆರು ಮಂದಿ ಪಾದ್ರಿಗಳನ್ನು ಸೆರೆಗೆ ಹಾಕಿದರು. ಇಂದು ಅದೇ ಬೆಟ್ಟಕ್ಕೆ ಹಲ್ಲುಕಂಬಿಯ ರೈಲು ಜನರನ್ನು ತುಂಬಿಕೊಂಡು ಏರುತ್ತದೆ.

ಮಳೆ, ಚಳಿಗಾಲ, ಮಕ್ಕಳು

ಇಲ್ಲಿ ಮಳೆ ಹೇಳಿ ಬರುವುದಿಲ್ಲ. ಜಡಿ ಹಿಡಿದರೆ ಗೋಡೆಯನ್ನು ಬಿಟ್ಟು, ಲೋವೆನ್‌ಪ್ಲಾಟ್ಸ್‌ನ ಬೂರ್ಬಾಕಿ ಪನೋರಮಾ ನೋಡಿ: 1881ರಲ್ಲಿ ಬರೆದ, ನೂರು ಮೀಟರಿಗೂ ಉದ್ದದ ವೃತ್ತಾಕಾರದ ಚಿತ್ರ; ಸೋತ ಫ್ರೆಂಚ್ ಸೇನೆ ಹಿಮದಲ್ಲಿ ಸ್ವಿಸ್ ಗಡಿ ದಾಟಿ ಆಯುಧ ಒಪ್ಪಿಸುವ ದೃಶ್ಯ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದರೆ ನಿಲ್ದಾಣದ ಬಳಿಯ ರೋಸೆನ್‌ಗಾರ್ಟ್ ಸಂಗ್ರಹದಲ್ಲಿ ಪಿಕಾಸೊ, ಪೌಲ್ ಕ್ಲೇ ಇದ್ದಾರೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಈ ಲೇಖನದ ಅರ್ಧ ಭಾಗ ಮರೆತು ಸಾರಿಗೆ ಮ್ಯೂಸಿಯಂಗೆ ಹೋಗಿ. ರೈಲು, ವಿಮಾನ, ಹಡಗು ಎಲ್ಲ ಇವೆ. ದೋಣಿಯೂ ಅದರ ಹತ್ತಿರ ನಿಲ್ಲುತ್ತದೆ. ಅಲ್ಲಿ ಒಂದು ಗಂಟೆ ಸಾಕೆಂದುಕೊಂಡು ಹೋದವರು ಮಕ್ಕಳನ್ನು ಹೊರಗೆ ಎಳೆದು ತರುವ ಹೊತ್ತಿಗೆ ಮಧ್ಯಾಹ್ನ ಮುಗಿದಿರುತ್ತದೆ.

ಡಿಸೆಂಬರ್‌ನಲ್ಲಿ ಸಂಜೆ ಐದರೊಳಗೆ ಕತ್ತಲು, ದೋಣಿಗಳೂ ಕಡಿಮೆ. ಹಾಗಾಗಿ ದೋಣಿಯನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಸಿ. ಫೆಬ್ರುವರಿ ಸುಮಾರಿಗೆ ಬರುವ ಫಾಸ್ನಾಖ್ಟ್ ಉತ್ಸವದ ದಿನಗಳಲ್ಲಿ ಮುಖವಾಡ ಹಾಕಿದ ಜನ ಡೋಲು ಕಹಳೆ ಹಿಡಿದು ನಸುಕಿನಿಂದಲೇ ಬೀದಿಗಿಳಿಯುತ್ತಾರೆ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ಶಾಂತವಾಗಿ ಊರು ನೋಡಲು ಅದು ಕಾಲವಲ್ಲ. ಆಗಸ್ಟ್-ಸೆಪ್ಟೆಂಬರ್‌ನ ಸಂಗೀತೋತ್ಸವದ ಸಮಯದಲ್ಲಿ ಹೋಟೆಲ್ ಕೋಣೆ ಬಹಳ ಮೊದಲೇ ಕಾದಿರಿಸಬೇಕು.

ಸಂಜೆ

ದೋಣಿ ಇಳಿದು ಕೆಕೆಎಲ್ ಚಾವಣಿಯ ಕೆಳಗೆ ನಿಂತು ಮೇಲೆ ನೋಡಿ; ಸರೋವರದ ಬೆಳಕು ಚಾವಣಿಯ ಒಳಮೈಗೆ ಬಿದ್ದು ಅಲುಗುತ್ತಿರುತ್ತದೆ. ಅಲ್ಲಿಂದ ನದಿಯ ದಕ್ಷಿಣ ದಡ ಹಿಡಿದು ಜೆಸುಯಿಟ್ ಚರ್ಚಿಗೆ ಹೋಗಿ. 1666ರಲ್ಲಿ ಕಟ್ಟಲು ತೊಡಗಿದ್ದು. ಹೊರಗೆ ಸಾದಾ, ಒಳಗೆ ಬಿಳಿ ಗೋಡೆ, ಕೆಂಪು ಛಾಯೆಯ ಅಮೃತಶಿಲೆಯಂಥ ಬಲಿಪೀಠ. ಒಳಗೆ ಹೋಗಲು ಹಣ ಬೇಡ, ಮಾತು ಕಡಿಮೆ ಇರಬೇಕು ಅಷ್ಟೆ. ಬೇಸಿಗೆಯಲ್ಲಿ ಒಂಬತ್ತರವರೆಗೂ ಬೆಳಕಿರುವುದರಿಂದ ಊಟಕ್ಕೆ ಅವಸರವಿಲ್ಲ, ಆದರೆ ಹೋಟೆಲ್ ಅಡುಗೆಮನೆಗಳು ನಮ್ಮಲ್ಲಿಯಂತೆ ಹನ್ನೊಂದರವರೆಗೆ ತೆರೆದಿರುವುದಿಲ್ಲ. ಎಂಟರೊಳಗೆ ಕೂತುಬಿಡಿ.

ಜ್ಯೂರಿಕ್‌ಗೆ ರಾತ್ರಿ ಹನ್ನೊಂದರ ನಂತರವೂ ರೈಲಿದೆ. ವೇಳೆಯನ್ನು ರೈಲ್ವೆಯ ಮೊಬೈಲ್ ಆ್ಯಪ್‌ನಲ್ಲಿ ಖಚಿತಪಡಿಸಿಕೊಳ್ಳಿ, ಪ್ಲಾಟ್‌ಫಾರ್ಮ್ ಸಂಖ್ಯೆಯೂ ಅದರಲ್ಲೇ ಇರುತ್ತದೆ. ಲಾಕರಿನಲ್ಲಿಟ್ಟ ಪೆಟ್ಟಿಗೆ ತೆಗೆದುಕೊಳ್ಳಲು ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ರೈಲು ನಿಮಗಾಗಿ ಕಾಯುವುದಿಲ್ಲ.